ಹಳೆಯ ಮ್ಯಾಸಿ ಟ್ರ್ಯಾಕ್ಟರ್: ಮುಂದಿನ ಚಕ್ರದ ಎರಡು ನಟ್ಟುಗಳು ಮಾತ್ರ ಪದೇ ಪದೇ ಸಡಿಲವಾಗುತ್ತಿವೆ

ಪ್ರಶ್ನೆ (ಪೊನ್ನಂಪೇಟೆ ಕಡೆಯಿಂದ)

ನಮ್ಮ ತೋಟದಲ್ಲಿ ತಂದೆಯವರು ಕೊಂಡಿದ್ದ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್ ಇಂದಿಗೂ ದುಡಿಯುತ್ತಿದೆ. ಕೊಯ್ಲಿನ ಸಮಯದಲ್ಲಿ ಕಾಫಿ ಹಣ್ಣನ್ನು ಕಣಕ್ಕೆ ಸಾಗಿಸುವುದಕ್ಕೂ, ಅದು ಮುಗಿದ ಮೇಲೆ ರೊಬಸ್ಟಾ ಹೂವಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪಂಪನ್ನು ನಡೆಸುವುದಕ್ಕೂ ನಾವು ಇದನ್ನೇ ನಂಬಿದ್ದೇವೆ. ಇದರ ಬಲಗಡೆಯ ಮುಂದಿನ ಚಕ್ರದಲ್ಲಿ ಎರಡು ನಟ್ಟುಗಳು ಎಷ್ಟು ಬಿಗಿ ಮಾಡಿದರೂ ಒಂದು ದಿನದ ಕೆಲಸದಲ್ಲೇ ಸಡಿಲವಾಗುತ್ತವೆ, ಉಳಿದವು ಅಲುಗುವುದಿಲ್ಲ. ಮೊದಲು ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ ನಟ್ಟುಗಳನ್ನು ತಂದೆ. ಅವು ಒಂದು ಸುತ್ತು ಹೋಗಿ ಕಚ್ಚಿಕೊಂಡವು. ಬಳಿಕ ಬಿಡಿಭಾಗಗಳ ಅಂಗಡಿಯಲ್ಲಿ ಮ್ಯಾಸಿಯ ಚಕ್ರಕ್ಕೆಂದೇ ಕೇಳಿ ತಂದ ನಟ್ಟುಗಳು ಎಲ್ಲ ಸ್ಟಡ್ಡುಗಳಿಗೂ (ರಿಮ್ಮಿನ ತೂತಿನಿಂದ ಹೊರಚಾಚಿ ನಟ್ಟು ಹತ್ತುವ, ತಲೆ ಕಾಣದ ಬೋಲ್ಟುಗಳಿಗೆ) ಕೈಯಲ್ಲೇ ಸರಾಗವಾಗಿ ಹತ್ತಿದವು, ಆದರೆ ಆ ಎರಡು ಜಾಗಗಳಲ್ಲಿ ಮತ್ತೆ ಅದೇ ಕಥೆಯಾಯಿತು. ಎಲ್ಲ ನಟ್ಟುಗಳಿಗೂ 19ರ ಸ್ಪ್ಯಾನರ್ ಸರಿಯಾಗಿ ಕೂರುತ್ತದೆ. ನಟ್ಟು ಸರಿಯಿದ್ದ ಮೇಲೂ ಹೀಗೇಕಾಗುತ್ತಿದೆ ಎಂಬುದು ನನಗೆ ತಿಳಿಯುತ್ತಿಲ್ಲ. ನಮ್ಮ ದಾರಿ ಇಳಿಜಾರಿನದು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಸೋಮವಾರಪೇಟೆಯಿಂದ)

ಮೊದಲಿಗೆ ಒಂದು ವಿನಂತಿ: ಇದು ಸರಿಯಾಗುವ ತನಕ ಟ್ರ್ಯಾಕ್ಟರನ್ನು ಕಣದಿಂದ ಹೊರಗೆ ತೆಗೆಯಬೇಡಿ. ಎರಡು ನಟ್ಟುಗಳು ಭಾರ ಹೊರದಿದ್ದರೆ ಉಳಿದ ಸ್ಟಡ್ಡುಗಳು ಅದನ್ನೂ ಸೇರಿಸಿ ಹೊರುತ್ತಿರುತ್ತವೆ, ಮತ್ತು ರಿಮ್ಮಿನ ತೂತುಗಳು ನಿಧಾನವಾಗಿ ಮೊಟ್ಟೆಯಾಕಾರಕ್ಕೆ ಸವೆಯುತ್ತವೆ.

ತಾವು ಬರೆದಿರುವುದನ್ನು ನೋಡಿದರೆ ದೋಷ ನಟ್ಟಿನಲ್ಲಿಲ್ಲ, ಸ್ಟಡ್ಡಿನಲ್ಲಿದೆ ಎಂದು ನನಗೆ ಅನಿಸುತ್ತದೆ. 19ರ ಸ್ಪ್ಯಾನರ್ ಕೂರುತ್ತದೆ ಎಂಬುದರಿಂದ ಬೋಲ್ಟಿನ ಅಳತೆ ತಿಳಿಯುವುದಿಲ್ಲ. ಅರ್ಧ ಇಂಚಿನ ಬೋಲ್ಟಿನ ತಲೆ ಸಾಮಾನ್ಯವಾಗಿ ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ.; 12 ಮಿ.ಮೀ. ಬೋಲ್ಟಿನ ತಲೆಯೂ ಅನೇಕ ಕಡೆ 19 ಮಿ.ಮೀ. ಇರುತ್ತದೆ. ಒಂದೇ ಸ್ಪ್ಯಾನರ್ ಎರಡಕ್ಕೂ ಕೂರುವುದರಿಂದಲೇ ಎಷ್ಟೋ ಹಳೆಯ ಟ್ರ್ಯಾಕ್ಟರುಗಳಲ್ಲಿ ಇಂಚು ಮತ್ತು ಮಿಲ್ಲಿಮೀಟರ್ ಬೋಲ್ಟುಗಳು ಬೆರೆತುಹೋಗಿವೆ.

ತಮ್ಮ 1035 ಸೇರಿದಂತೆ ಮ್ಯಾಸಿ 35ರ ವಂಶದ ಟ್ರ್ಯಾಕ್ಟರುಗಳು ಇಂಚಿನ ಲೆಕ್ಕದವು. ಬ್ರಿಟನ್, ಅಮೆರಿಕ ಮತ್ತು ಕೆನಡಾ ಸೇರಿ 1948ರಲ್ಲಿ ಒಪ್ಪಿಕೊಂಡ ಯೂನಿಫೈಡ್ ಥ್ರೆಡ್ (ಥ್ರೆಡ್ ಎಂದರೆ ಬೋಲ್ಟಿನ ಸುತ್ತೆಳೆ) ಇವುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಅದರಲ್ಲಿ ಸಣ್ಣ ಎಳೆಯದು ಯುಎನ್‌ಎಫ್, ದಪ್ಪ ಎಳೆಯದು ಯುಎನ್‌ಸಿ. ಅರ್ಧ ಇಂಚಿಗೆ ಯುಎನ್‌ಎಫ್ ಆದರೆ ಒಂದು ಇಂಚಿನಲ್ಲಿ 20 ಎಳೆಗಳು, ಯುಎನ್‌ಸಿ ಆದರೆ 13. ಹಾರ್ಡ್‌ವೇರ್ ಅಂಗಡಿಯಲ್ಲಿ ಬರಿದೇ ಇಂಚಿನ ನಟ್ಟು ಎಂದು ಕೇಳಿದರೆ ಬಹುಮಟ್ಟಿಗೆ ಸಿಗುವುದು ಇದಕ್ಕೂ ಹಳೆಯದಾದ ವಿಟ್‌ವರ್ತ್ ಥ್ರೆಡ್ಡಿನದು. ಅದರಲ್ಲಿ ಅರ್ಧ ಇಂಚಿನ ಬೋಲ್ಟಿಗೆ ಒಂದು ಇಂಚಿನಲ್ಲಿ 12 ಎಳೆಗಳು, ಎಳೆಯ ಕೋನವೂ 60 ಡಿಗ್ರಿಯ ಬದಲು 55 ಡಿಗ್ರಿ. ತಾವು ಮೊದಲು ತಂದ ನಟ್ಟುಗಳು ಕಚ್ಚಿಕೊಂಡದ್ದು ಇದರಿಂದಲೇ ಇರಬೇಕು. ಅವನ್ನು ಬಲವಂತವಾಗಿ ತಿರುಗಿಸದೆ ಬಿಟ್ಟದ್ದು ಒಳ್ಳೆಯದಾಯಿತು.

ಈಗ ಆ ಎರಡು ಸ್ಟಡ್ಡುಗಳ ವಿಚಾರ. ಹಿಂದೆ ಯಾರಾದರೂ ಮುರಿದ ಸ್ಟಡ್ಡುಗಳ ಜಾಗದಲ್ಲಿ 12 ಮಿ.ಮೀ. ದಪ್ಪದ, 1.25 ಮಿ.ಮೀ. ಪಿಚ್ಚಿನ (ಎಳೆಯಿಂದ ಎಳೆಗೆ ಇರುವ ಅಂತರದ) ಸ್ಟಡ್ಡುಗಳನ್ನು ಕೂರಿಸಿರಬಹುದು. ಕೆಲವು ಕಾರುಗಳ ಚಕ್ರಕ್ಕೆ ಇದೇ ಅಳತೆ ಬರುತ್ತದೆ. ಇಂಚಿಗೆ 20 ಎಳೆ ಎಂದರೆ ಎಳೆಯಿಂದ ಎಳೆಗೆ 1.27 ಮಿ.ಮೀ. ಎರಡಕ್ಕೂ ಇರುವ ವ್ಯತ್ಯಾಸ 0.02 ಮಿ.ಮೀ. ಮಾತ್ರ ಆದ್ದರಿಂದ, ಅರ್ಧ ಇಂಚಿನ ಸಣ್ಣ ಎಳೆಯ ನಟ್ಟು ಈ ಸ್ಟಡ್ಡಿಗೆ ಎಲ್ಲಿಯೂ ಕಚ್ಚದೆ, ತನ್ನದೇ ಜೋಡಿಯೆಂಬಂತೆ ಹತ್ತುತ್ತದೆ. ಆದರೆ ಸ್ಟಡ್ಡು 0.7 ಮಿ.ಮೀ.ಯಷ್ಟು ಸಣ್ಣದಾಗಿರುವುದರಿಂದ ಎಳೆಗಳು ಒಂದನ್ನೊಂದು ಹಿಡಿಯುವ ಆಳ ಇರಬೇಕಾದ ಅರ್ಧದಷ್ಟೂ ಇರುವುದಿಲ್ಲ. ಬಿಗಿ ಮಾಡಿದಾಗ ಬಿಗಿಯಾದಂತೆ ತೋರುತ್ತದೆ. ಭಾರ ಬಿದ್ದಾಗ ತುದಿಗಳು ಮಡಚಿ ಸಡಿಲವಾಗುತ್ತದೆ. ಬೇಗ ಕಚ್ಚಿಕೊಳ್ಳುವ ತಪ್ಪು ನಟ್ಟಿಗಿಂತ ಸರಾಗವಾಗಿ ಹೋಗುವ ಈ ತಪ್ಪು ನಟ್ಟೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಆದ್ದರಿಂದ ಎಳೆ ಎಣಿಸುವುದರಿಂದ ಇಲ್ಲಿ ಉಪಯೋಗವಿಲ್ಲ. ಹತ್ತು ಎಳೆಗಳ ಉದ್ದ ಒಂದರಲ್ಲಿ 12.5, ಇನ್ನೊಂದರಲ್ಲಿ 12.7 ಮಿ.ಮೀ. ಬರುತ್ತದೆ, ತುಕ್ಕು ಹಿಡಿದ ಸ್ಟಡ್ಡಿನಲ್ಲಿ ಆ ಭೇದ ಗೊತ್ತಾಗುವುದಿಲ್ಲ. ದಪ್ಪವನ್ನೇ ಅಳೆಯಬೇಕು. ವೈರ್ ಬ್ರಷ್ಷಿನಿಂದ ತುಕ್ಕನ್ನು ಉಜ್ಜಿ, ನಟ್ಟು ಓಡಾಡದ ತುದಿಯ ಭಾಗದಲ್ಲಿ ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು ಎಲ್ಲ ಸ್ಟಡ್ಡುಗಳನ್ನೂ ಒಂದೊಂದಾಗಿ ಅಳೆದು ಬರೆದುಕೊಳ್ಳಿ. 12.5ರ ಮೇಲಿದ್ದರೆ ಅರ್ಧ ಇಂಚು. 12ರ ಒಳಗಿದ್ದರೆ ನನ್ನ ಅನುಮಾನ ನಿಜ.

ಇನ್ನೊಂದು ಉತ್ತರ (ನಾಪೋಕ್ಲಿನಿಂದ)

ಮೇಲಿನವರು ಹೇಳಿದ್ದು ಸರಿ. ನಮ್ಮಲ್ಲಿರುವ ಎಚ್‌ಎಂಟಿ ಜೆಟಾರ್ ಚೆಕ್ ಮೂಲದ್ದಾದ್ದರಿಂದ ಅದರ ಬೋಲ್ಟುಗಳು ಮಿಲ್ಲಿಮೀಟರಿನವು. ಹಾಗಾಗಿ ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಸರಿಹೋದ ಬೋಲ್ಟು ನಮ್ಮದಕ್ಕೂ ಆಗುತ್ತದೆಂದು ತಿಳಿಯಬಾರದು. ನಟ್ಟು ಕೊಳ್ಳುವಾಗ ರಿಮ್ಮಿನ ಕಡೆಗೆ ಕೋನ್, ಅಂದರೆ ಓರೆಯಾದ ಮುಖ, ಇರುವುದನ್ನೇ ಕೇಳಿ. ಚಪ್ಪಟೆ ನಟ್ಟು ರಿಮ್ಮನ್ನು ನಡುವಿಗೆ ತಂದು ಕೂರಿಸುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಸೋಮವಾರಪೇಟೆಯ ಅಣ್ಣನವರಿಗೆ ಮತ್ತು ನಾಪೋಕ್ಲಿನವರಿಗೆ ನಮಸ್ಕಾರ. ತುಕ್ಕು ತೆಗೆದು ಅಳೆದೆ. ಸಡಿಲವಾಗುತ್ತಿದ್ದ ಎರಡೂ ಸ್ಟಡ್ಡುಗಳು 11.9 ಮಿ.ಮೀ., ಉಳಿದವು 12.6. ಹಲವು ವರ್ಷಗಳ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಈ ಚಕ್ರದ ಹಬ್ಬಿನ (ಸ್ಟಡ್ಡುಗಳು ಕೂರುವ ನಡುಭಾಗದ) ಕೆಲಸ ಮಾಡಿಸಿದ್ದು ಈಗ ನೆನಪಾಯಿತು. ಹೊಸ ಸ್ಟಡ್ಡುಗಳನ್ನು ಕೊಳ್ಳುವಾಗ ಏನೆಂದು ಕೇಳಬೇಕು? ಹಳೆಯ ಉದ್ದದ ಬೋಲ್ಟನ್ನು ಕತ್ತರಿಸಿ ಬಳಸಬಹುದೇ?

ಉತ್ತರ (ಸೋಮವಾರಪೇಟೆಯಿಂದ)

ಕತ್ತರಿಸಿದ ಬೋಲ್ಟನ್ನು ಚಕ್ರಕ್ಕೆ ಖಂಡಿತ ಬಳಸಬೇಡಿ. ಸಾದಾ ಬೋಲ್ಟು ಮೆದು ಉಕ್ಕಿನದು. ಇಂಚಿನ ಗಟ್ಟಿ ಬೋಲ್ಟುಗಳ ತಲೆಯ ಮೇಲೆ ಮೂರು ಗೆರೆಗಳಿದ್ದರೆ ಗ್ರೇಡ್ 5, ಆರು ಗೆರೆಗಳಿದ್ದರೆ ಗ್ರೇಡ್ 8; ಮಿಲ್ಲಿಮೀಟರಿನವಕ್ಕೆ 8.8 ಅಥವಾ 10.9 ಎಂದು ಅಚ್ಚಾಗಿರುತ್ತದೆ. ಏನೂ ಇಲ್ಲದ್ದು ಬಾನೆಟ್ಟಿಗೆ, ಬ್ಯಾಟರಿ ಪೆಟ್ಟಿಗೆಗೆ ಸಾಕು. ಚಕ್ರಕ್ಕೆ ಮಾತ್ರ ಬಿಡಿಭಾಗಗಳ ಪುಸ್ತಕದಲ್ಲಿರುವ ಸಂಖ್ಯೆಯನ್ನು ಹೇಳಿ ಸ್ಟಡ್ಡನ್ನೇ ತರಿಸಿಕೊಳ್ಳಿ, ಸರಿಯಾಗಿ ಉಳಿದಿರುವ ಒಂದು ಸ್ಟಡ್ಡನ್ನು ಮಾದರಿಗೆ ಜೊತೆಯಲ್ಲಿ ಒಯ್ಯಿರಿ. ಅಂಗಡಿಯಲ್ಲಿಯೇ ನಟ್ಟನ್ನು ಕೈಯಲ್ಲಿ ತುದಿಯವರೆಗೆ ತಿರುಗಿಸಿ, ಅಡ್ಡಡ್ಡ ಅಲುಗಿಸಿ ನೋಡಿ. ಕಟಕಟ ಎಂದು ಆಡುವಂತಿದ್ದರೆ ಅಂಗಡಿಗೇ ಹಿಂದಿರುಗಿಸಿಬಿಡಿ. ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಬಹುದು.

ಸ್ಟಡ್ಡು ಕೂರುವ ಹಬ್ಬಿನ ತೂತನ್ನೂ ನೋಡಬೇಕು. 12 ಮಿ.ಮೀ. ಸ್ಟಡ್ಡು ನಿಲ್ಲಲೆಂದು ಅಲ್ಲಿ ವೆಲ್ಡಿಂಗ್ ಮಾಡಿದ್ದರೆ ಅಥವಾ ತೂತು ಸವೆದು ಹೊಸ ಸ್ಟಡ್ಡು ತಿರುಗುತ್ತಿದ್ದರೆ, ಹಬ್ಬನ್ನು ಬಿಚ್ಚಿ ಒಳ್ಳೆಯ ಲೇತಿನವರಿಗೆ ತೋರಿಸಿ. ಸಡಿಲ ಸ್ಟಡ್ಡುಗಳಲ್ಲಿ ಓಡಿದ ಆ ಎರಡು ನಟ್ಟುಗಳನ್ನು ಮತ್ತೆ ಬಳಸಬೇಡಿ, ಅವುಗಳ ಎಳೆಯೂ ಒಳಗೆ ಸವೆದಿರುತ್ತದೆ. ಹೊಸದನ್ನು ಹಾಕಿದ ಮೇಲೆ ಎದುರುಬದುರಿನ ನಟ್ಟುಗಳನ್ನು ಸರದಿಯಂತೆ ಬಿಗಿ ಮಾಡಿ, ಮೊದಲ ದಿನ ಖಾಲಿ ಟ್ರೈಲರ್ ಎಳೆದು ಸಂಜೆ ಮತ್ತೊಮ್ಮೆ ಬಿಗಿ ನೋಡಿ.

ಪ್ರಶ್ನೆ ಕೇಳಿದವರಿಂದ

ಹಬ್ಬಿನ ತೂತುಗಳು ಸರಿಯಾಗಿದ್ದವು, ಬುಶ್ (ತೂತಿನೊಳಗೆ ತೂರಿಸುವ ಲೋಹದ ಬಳೆ) ಹಾಕಿ ಆ ಸ್ಟಡ್ಡುಗಳನ್ನು ಕೂರಿಸಿದ್ದರು. ಬುಶ್ ತೆಗೆಸಿ ಹೊಸ ಸ್ಟಡ್ಡು, ಕೋನ್ ನಟ್ಟು ಹಾಕಿಸಿದ್ದೇನೆ. ನಾಲ್ಕು ದಿನ ಹಣ್ಣು ಸಾಗಿಸಿದ ಮೇಲೂ ಬಿಗಿ ಹಾಗೆಯೇ ಇದೆ. ನಾಳೆ ಎಡಗಡೆಯ ಚಕ್ರದ ಸ್ಟಡ್ಡುಗಳನ್ನೂ ಅಳೆಯುತ್ತೇನೆ.