ಹ್ಯಾಚರಿಯ ತ್ಯಾಜ್ಯ, ನೊಣಗಳ ಕಾಟ: ರವಿವಾರದ ಸಭೆಗೆ ಮೊದಲು ಚರ್ಚಿಸೋಣ

ಎರಡನೇ ಅಡ್ಡರಸ್ತೆ, ಮನೆ 14

ಬಡಾವಣೆಯ ಹಿರಿಯರಿಗೂ ಅಕ್ಕತಂಗಿಯರಿಗೂ ನಮಸ್ಕಾರ. ನಮ್ಮ ಹಿಂದಿನ ಹೊಲದ ಅಂಚಿನಲ್ಲಿರುವ, ತತ್ತಿಗೆ ಯಂತ್ರದಲ್ಲಿ ಕಾವು ಕೊಟ್ಟು ಕೋಳಿಮರಿ ಮಾಡುವ ಹ್ಯಾಚರಿಯ ನಾತ ಮತ್ತು ನೊಣಗಳಿಂದಾಗಿ ಎರಡು ತಿಂಗಳಿಂದ ಒಂದು ಕೈಯಿಂದ ನೊಣ ಓಡಿಸುತ್ತ ಇನ್ನೊಂದು ಕೈಯಿಂದ ಉಣ್ಣುವಂತಾಗಿದೆ. ಕೂಸಿನ ತೊಟ್ಟಿಲಿಗೆ ಹಗಲಿಡೀ ಸೊಳ್ಳೆ ಪರದೆ ಕಟ್ಟಿರುತ್ತೇನೆ. ತಿಂಗಳಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿದ್ದೇನೆ: ನಾತ ದಿನವೂ ಒಂದೇ ತೆರನಾಗಿರುವುದಿಲ್ಲ, ಮಂಗಳವಾರ ಮತ್ತು ಶುಕ್ರವಾರ ಸಂಜೆ ಏರುತ್ತದೆ. ಹ್ಯಾಚರಿಯನ್ನು ಮುಚ್ಚಿಸಬೇಕೆಂದು ಅರ್ಜಿ ಬರೆದಿದ್ದೇನೆ, ಸಹಿ ಹಾಕುವಿರಾ?

ಮುಖ್ಯರಸ್ತೆ, ಮನೆ 3 (ನಿವೃತ್ತ ಪಶುವೈದ್ಯಕೀಯ ಸಿಬ್ಬಂದಿ)

ತಂಗಿ, ನಿಮ್ಮ ಕ್ಯಾಲೆಂಡರಿನ ಗುರುತುಗಳೇ ನಮ್ಮ ಅರ್ಜಿಗೆ ದೊಡ್ಡ ಬಲ. ಕೋಳಿತತ್ತಿ ಮರಿಯಾಗಲು 21 ದಿನ ಬೇಕು. ಮೊದಲ 18 ದಿನ ಅದನ್ನು ಸೆಟ್ಟರ್ ಯಂತ್ರದಲ್ಲಿ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿಟ್ಟು, ಒಳಗಿನ ಭ್ರೂಣ ಪೊರೆಗೆ ಅಂಟಿಕೊಳ್ಳದಂತೆ ತಾಸಿಗೊಮ್ಮೆ ಹೊರಳಿಸುತ್ತಾರೆ. ಉಳಿದ ಮೂರು ದಿನ ಹ್ಯಾಚರ್ ಯಂತ್ರಕ್ಕೆ ಸಾಗಿಸಿ, ಹೊರಳಿಸುವುದನ್ನು ನಿಲ್ಲಿಸಿ, ತೇವಾಂಶ ಹೆಚ್ಚಿಸುತ್ತಾರೆ. 21 ದಿನವೆಂದರೆ ಸರಿಯಾಗಿ ಮೂರು ವಾರ, ಆದ್ದರಿಂದ ಮಂಗಳವಾರ ಇಟ್ಟ ತತ್ತಿ ಮಂಗಳವಾರವೇ ಒಡೆಯುತ್ತದೆ. ಮರಿಗಳನ್ನು ಎಣಿಸಿ, ಮ್ಯಾರೆಕ್ಸ್ ಎಂಬ ಕೋಳಿರೋಗದ ಲಸಿಕೆ ಹಾಕಿ, ಪೆಟ್ಟಿಗೆಗೆ ತುಂಬಿ ಕಳಿಸಿದ ಮೇಲೆ ಟ್ರೇಗಳಲ್ಲಿ ಚಿಪ್ಪು, ಫಲವಾಗದ ತತ್ತಿ ಮತ್ತು ಚಿಪ್ಪಿನೊಳಗೇ ಸತ್ತ ಮರಿಗಳು ಉಳಿಯುತ್ತವೆ. ಅಷ್ಟು ಕಾವಿನಲ್ಲಿ ಮೂರು ವಾರ ಇದ್ದ ಕೆಟ್ಟ ತತ್ತಿ ಒಡೆದಾಗ ಬರುವ ನಾತವೇ ನೀವು ಗುರುತಿಸಿದ್ದು. ಆ ತ್ಯಾಜ್ಯವನ್ನು ಹೀಗೆ ಬಯಲಿನಲ್ಲಿ ಸುರಿದರೆ, ವಿಜಯಪುರದ ಬಿಸಿಲಿಗೆ ನೊಣದ ಮೊಟ್ಟೆ ಏಳರಿಂದ ಹತ್ತು ದಿನಗಳಲ್ಲಿ ಹಾರುವ ನೊಣವಾಗುತ್ತದೆ. ವಾರಗಟ್ಟಲೆ ಬಿದ್ದಿರುವ ಗುಡ್ಡೆಯಿಂದ ಹೊಸ ಹೊಸ ಪೀಳಿಗೆ ಏಳುತ್ತಲೇ ಇರುತ್ತದೆ.

ಮೂರನೇ ಅಡ್ಡರಸ್ತೆ, ಮನೆ 27

ಅಕ್ಕಾ, ನಿಮ್ಮ ಕಷ್ಟ ನನ್ನದೂ ಹೌದು. ಆದರೆ ಮುಚ್ಚಿಸುವ ಅರ್ಜಿಗೆ ನಾನು ಸಹಿ ಹಾಕಲಾರೆ. ನಾನು ಹಿತ್ತಲಲ್ಲಿ ಜವಾರಿ ಮತ್ತು ಗಿರಿರಾಜ ತಳಿಯ ಕೋಳಿಮರಿ ಸಾಕಿ ಮಗಳ ಕಾಲೇಜಿನ ಶುಲ್ಕ ಕಟ್ಟುತ್ತಿದ್ದೇನೆ. ಈ ಹ್ಯಾಚರಿ ಮುಚ್ಚಿದರೆ ಮರಿಗಳನ್ನು ದೂರದಿಂದ ತರಿಸಬೇಕಾಗುತ್ತದೆ. ಹೊಟ್ಟೆಯಲ್ಲಿ ಉಳಿದ ತತ್ತಿಯ ಹಳದಿ ಭಾಗದ ಬಲದಿಂದ ಒಂದು ದಿನದ ಮರಿ ಎರಡು ದಿನ ನೀರು, ಕಾಳಿಲ್ಲದೆ ತಾಳಬಲ್ಲದು ನಿಜ, ಆದರೆ ಏಪ್ರಿಲ್ ತಿಂಗಳಲ್ಲಿ ದೂರದ ಊರಿನಿಂದ ತರಿಸಿದ ಮರಿಗಳು ದಾರಿಯಲ್ಲೇ ಸಾಯುವುದನ್ನು ನಾನು ಕಂಡಿದ್ದೇನೆ.

ನಾಲ್ಕನೇ ಅಡ್ಡರಸ್ತೆ, ಮನೆ 31

ತಂಗಿಯ ಮಾತು ಒಪ್ಪತಕ್ಕದ್ದು. ನಾನು ಹೋಗಿ ಮಾತನಾಡಿಸಿದಾಗ ಹ್ಯಾಚರಿಯವರು, ತಾವು ಕೋಳಿ ಸಾಕುವುದಿಲ್ಲ, ಆದ್ದರಿಂದ ಫಾರಂಗಳ ನಿಯಮ ತಮಗೆ ಅನ್ವಯಿಸದು ಎಂದರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ 5,000ಕ್ಕಿಂತ ಹೆಚ್ಚು ಕೋಳಿಗಳಿರುವ ಫಾರಂಗಳು ಒಪ್ಪಿಗೆ ಪಡೆಯಬೇಕೆಂದೂ, ನಾತ ಮತ್ತು ನೊಣಗಳ ಕಾರಣಕ್ಕಾಗಿ ವಸತಿ ಪ್ರದೇಶದಿಂದ 500 ಮೀಟರ್ ದೂರವಿರಬೇಕೆಂದೂ ಹೇಳುತ್ತದೆ. ಅದು ಹ್ಯಾಚರಿಗೆ ಅನ್ವಯಿಸುತ್ತದೆಯೇ ಎಂಬ ವಾದಕ್ಕೆ ಸಿಕ್ಕಿಹಾಕಿಕೊಳ್ಳುವ ಬದಲು, ಈ ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಒಪ್ಪಿಗೆ ಪತ್ರವನ್ನೂ ಅದರ ಷರತ್ತುಗಳನ್ನೂ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳೋಣ; 30 ದಿನಗಳೊಳಗೆ ಉತ್ತರ ಕೊಡಬೇಕು. ಇನ್ನು ಕರೆಂಟ್ ಹೋದ ರಾತ್ರಿಗಳಲ್ಲಿ ಹ್ಯಾಚರಿಯ ಜನರೇಟರ್ ಸದ್ದಿಗೆ ನಿದ್ದೆಯಿಲ್ಲ. ಅದನ್ನಾದರೂ ಹತ್ತು ಗಂಟೆಯ ನಂತರ ನಿಲ್ಲಿಸಲಾಗದೇ?

ಮುಖ್ಯರಸ್ತೆ, ಮನೆ 3

ಅದನ್ನು ಕೇಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕೊನೆಯ ದಿನಗಳ ಮರಿಗಳು ಚಿಪ್ಪಿನೊಳಗೆ ತಾವೇ ಶಾಖ ಹೊಮ್ಮಿಸುತ್ತವೆ. ಫ್ಯಾನ್ ನಿಂತರೆ ಗಾಳಿಯಿಲ್ಲದೆ ಬೆಂದು ಸಾಯುತ್ತವೆ, ಮರುದಿನ ನಮ್ಮ ಹಿಂದಿನ ಗುಡ್ಡೆ ಇಮ್ಮಡಿಯಾಗುತ್ತದೆ. ಸದ್ದು ತಡೆಯುವ ಕವಚ ಹಾಕಬೇಕೆಂದು ಕೇಳೋಣ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬಲ್.

ತ್ಯಾಜ್ಯವನ್ನು ಗುಂಡಿ ತೋಡಿ ಹೂಳುತ್ತೇವೆಂದು ಅವರು ಹೇಳಿದರೆ ಕೂಡಲೇ ಒಪ್ಪಬೇಡಿ. ನಮ್ಮದು ಎರೆ ಭೂಮಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲೇ ಕೆಳಗಿಳಿಯುತ್ತದೆ, ಮತ್ತು ಐದು ಮನೆಗಳ ಕೊಳವೆಬಾವಿ ಅದೇ ಬದಿಗಿವೆ. ಸಿಮೆಂಟ್ ತಳ ಮತ್ತು ಚಾವಣಿ ಇರುವ ತೊಟ್ಟಿಯಲ್ಲಿ, ಕತ್ತರಿಸಿದ ಜೋಳದ ಕಣಕಿ ಹಾಗೂ ಹೊಟ್ಟಿನ ನಡುವೆ ಪದರಪದರವಾಗಿ ಮುಚ್ಚಿಟ್ಟು ಗೊಬ್ಬರ ಮಾಡಿಸುವುದು ಉತ್ತಮ. ಒಳಗಿನ ಶಾಖ 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ನೊಣದ ಹುಳುವೂ ಬಹುತೇಕ ರೋಗಾಣುಗಳೂ ಉಳಿಯವು, ಚಿಪ್ಪಿನ ಸುಣ್ಣದ ಅಂಶ ಹೊಲಕ್ಕೆ ದಕ್ಕುತ್ತದೆ.

ಎರಡನೇ ಅಡ್ಡರಸ್ತೆ, ಮನೆ 14

ಕಾಕಾ, ಅರ್ಜಿಯನ್ನು ಬದಲಿಸಿ ಬರೆದಿದ್ದೇನೆ. ಮುಚ್ಚಿಸಬೇಕೆಂಬ ಮಾತನ್ನು ತೆಗೆದು, ಮರಿ ಒಡೆದ ದಿನವೇ ತ್ಯಾಜ್ಯವನ್ನು ಮುಚ್ಚಿದ ಡ್ರಮ್ಮಿನಲ್ಲಿ ತೊಟ್ಟಿಗೆ ಸಾಗಿಸಬೇಕು, ಜನರೇಟರಿಗೆ ಕವಚ ಹಾಕಬೇಕು, ಐದು ಕೊಳವೆಬಾವಿಗಳ ನೀರನ್ನು ಪರೀಕ್ಷಿಸಬೇಕು ಎಂದು ಸೇರಿಸಿದ್ದೇನೆ. ಮೂರನೇ ಅಡ್ಡರಸ್ತೆಯ ತಂಗಿ ಮೊದಲ ಸಹಿ ಹಾಕಿದರೆ ನನಗೆ ಸಂತೋಷ. ಈ ಮಂಗಳವಾರ ಮತ್ತು ಶುಕ್ರವಾರ ಸಂಜೆ ಆರು ಗಂಟೆಗೆ ಗುಡ್ಡೆಯ ಫೋಟೋ ತೆಗೆಯಲು ನನ್ನೊಂದಿಗೆ ಯಾರು ಬರುತ್ತೀರಿ?

ಮೂರನೇ ಅಡ್ಡರಸ್ತೆ, ಮನೆ 27

ಸಹಿ ಹಾಕುತ್ತೇನೆ ಅಕ್ಕಾ, ಮಂಗಳವಾರ ನಾನೇ ಬರುತ್ತೇನೆ.