ಆಟಕ್ಕೆ ಮೊದಲು ಕೊಂಬು ಊದುವ ಮಿನೆಸೋಟ ವೈಕಿಂಗ್ಸ್: ನಮ್ಮ ಟೂರ್ನಮೆಂಟಿಗೂ ಇಂಥದ್ದು ಮಾಡಬಹುದಾ?

ಬಂದರಿನ ಗೋಲಿ, ಮಂಗಳೂರು:

ಎಲ್ಲರಿಗೂ ನಮಸ್ಕಾರ. ನಾನು ರಾತ್ರಿ ಪಾಳಿಯವನು. ನಮ್ಮ ಕ್ಲೈಂಟ್ ಅಮೆರಿಕದ ಮಿನಿಯಾಪೊಲಿಸ್‌ನವರು. ಅಲ್ಲಿ ಸೀಸನ್ ಶುರುವಾದರೆ ಸೋಮವಾರದ ಕಾಲ್‌ನಲ್ಲಿ ಮೊದಲು ಅವರ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ವೈಕಿಂಗ್ಸ್‌ನ ಮಾತು, ಆಮೇಲೆ ಕೆಲಸದ ಮಾತು. ಏನಿದು ನೋಡೋಣ ಅಂತ ಮೊನ್ನೆ ಒಂದು ವಿಡಿಯೋ ಹಾಕಿದೆ. ಆಟ ಶುರುವಾಗುವ ಮೊದಲು ಯಾರೋ ಒಬ್ಬರು ಬಂದು ಒಂದು ದೊಡ್ಡ ಕೊಂಬು ಊದುತ್ತಾರೆ. ಆಮೇಲೆ ಡ್ರಮ್ಮಿನ ಪೆಟ್ಟು. ಇಡೀ ಸ್ಟೇಡಿಯಂ ಎರಡೂ ಕೈ ಮೇಲೆತ್ತಿ ಒಂದೇ ಚಪ್ಪಾಳೆ, "ಸ್ಕೋಲ್!" ಅಂತ ಒಂದೇ ಕೂಗು. ಹೆಡ್‌ಫೋನಿನಲ್ಲಿ ಕೇಳಿದ್ದಕ್ಕೇ ಮೈ ಜುಮ್ಮೆಂದಿತು.

ವಿಷಯ ಇಷ್ಟೇ. ನಾವು ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಒಂದು ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಟೂರ್ನಮೆಂಟ್ ನಡೆಸುತ್ತೇವೆ. ಉದ್ಘಾಟನೆ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಶಾಮಿಯಾನದ ಕೆಳಗೆ ಕುರ್ಚಿ ಸಾಲು. ಪ್ರಾರ್ಥನೆ, ದೀಪ, ಸ್ವಾಗತ, ಶಾಲು. ಎರಡೂ ಟೀಮಿನ ಹುಡುಗರು ಮಳೆಯಲ್ಲಿ ಸಾಲಾಗಿ ನಿಂತಿರುತ್ತಾರೆ. ಕಳೆದ ವರ್ಷ ಮುಖ್ಯ ಅತಿಥಿ ಬರುವಾಗಲೇ ಮುಕ್ಕಾಲು ಗಂಟೆ ತಡ. ಬಂದವರು ಪ್ಯಾಂಟಿನ ಕಾಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕೆಸರು ತಾಗದ ಹಾಗೆ ಬಾಲಿಗೆ ಬೂಟಿನ ತುದಿ ಮುಟ್ಟಿಸಿದರು. ಬಾಲು ಒಂದಡಿಯೂ ಹೋಗಲಿಲ್ಲ, ಅಲ್ಲೇ ಕೂತಿತು. ಫೋಟೋದವನು "ಇನ್ನೊಂದ್ಸಲ ಸರ್" ಅಂದ. ಇಷ್ಟೆಲ್ಲ ಮುಗಿಯುವಾಗ ವಾರ್ಮ್‌ಅಪ್ ಮಾಡಿದ್ದ ಹುಡುಗರ ಕಾಲು ತಣ್ಣಗಾಗಿತ್ತು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ನಮ್ಮ ಸ್ಟಾಪರಿಗೆ ತೊಡೆ ಹಿಡಿದುಕೊಂಡಿತು.

ಈ ಸಲ ಬೇರೆ ಏನಾದರೂ ಮಾಡಬೇಕು ಅಂತ ಕಮಿಟಿಯಲ್ಲಿ ಮಾತಾಗಿದೆ. ಒಬ್ಬರು ಹುಲಿವೇಷ ಅನ್ನುತ್ತಾರೆ. ಇನ್ನೊಬ್ಬರು ನಾಟಕದವರ ಹತ್ತಿರ ಹೇಳಿ ದೈವದ ವೇಷ ಹಾಕಿಸೋಣ, ಎಫೆಕ್ಟ್ ಬರುತ್ತದೆ ಅನ್ನುತ್ತಾರೆ. ನನಗೆ ಆ ಕೊಂಬು ತಲೆಯಿಂದ ಹೋಗುತ್ತಿಲ್ಲ. ಅದು ನಿಜವಾಗಿ ಹಳೆ ಕಾಲದ ಪದ್ಧತಿಯಾ? ಗೊತ್ತಿದ್ದವರು ಹೇಳಿ.

ಉರ್ವದವ:

ಬಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಹೆಸರಿಟ್ಟವರ ಹತ್ತಿರ ನಾವು ಕಲಿಯಬೇಕಾ ಮಾರಾಯ್ರೆ? ಮೊದಲು ಗ್ರೌಂಡಿನ ನೀರು ಹೋಗಲು ಒಂದು ಚರಂಡಿ ಮಾಡಿ.

ಕಾಪು ಅಕ್ಕ, ಉಡುಪಿ:

ಉರ್ವದವರೇ, ಚರಂಡಿ ಮಾತು ಸರಿ. ಆದರೆ ಕೇಳಿದ್ದು ಬೇರೆ.

ನಾನು ಕೆಲವು ವರ್ಷ ಮಿನಿಯಾಪೊಲಿಸ್‌ನಲ್ಲಿದ್ದವಳು. ಆ ಕೊಂಬಿನ ಹೆಸರು ಗ್ಯಾಲರ್‌ಹಾರ್ನ್. ಉತ್ತರ ಯುರೋಪಿನ ಹಳೆ ಪುರಾಣದಲ್ಲಿ ಹೈಮ್‌ಡಾಲ್ ಅಂತ ದೇವರುಗಳ ಕಾವಲುಗಾರ ಒಬ್ಬನಿದ್ದಾನೆ. ಕೊನೆಯ ಯುದ್ಧ ಬಂತು ಅಂತ ಎಲ್ಲರನ್ನೂ ಎಬ್ಬಿಸಲು ಅವನು ಊದುವ ಕೊಂಬು ಅದು. ಆ ಕಡೆಗೆ ಸ್ವೀಡನ್, ನಾರ್ವೆಯಿಂದ ಹೋಗಿ ನೆಲೆಸಿದವರು ಜಾಸ್ತಿ. ಹಾಗಾಗಿ 1961ರಲ್ಲಿ ತಂಡ ಶುರುವಾದಾಗಲೇ ಆ ದೇಶಗಳ ಹಳೆ ಕಾಲದ ಕಡಲ ಯೋಧರ ಹೆಸರು, ವೈಕಿಂಗ್ಸ್ ಅಂತ. ಆದರೆ ಸ್ಟೇಡಿಯಮ್ಮಿಗೆ ಕೊಂಬು ಬಂದದ್ದು 2007ರಲ್ಲಿ. ನಿಮ್ಮ ಟೂರ್ನಮೆಂಟೇ ಅದಕ್ಕಿಂತ ಹಳೆಯದಿರಬಹುದು!

ಚಪ್ಪಾಳೆ ಇನ್ನೂ ಹೊಸತು. 2016ರ ಯುರೋ ಕಪ್‌ನಲ್ಲಿ ಐಸ್‌ಲ್ಯಾಂಡ್ ಅನ್ನುವ ಪುಟ್ಟ ದೇಶ ಇಂಗ್ಲೆಂಡನ್ನು 2-1ರಿಂದ ಮನೆಗೆ ಕಳಿಸಿತಲ್ಲ, ಆಗ ಅವರ ಜನ ಹೊಡೆದ ಚಪ್ಪಾಳೆ ಲೋಕವೆಲ್ಲ ಸುತ್ತಿತು. ಅದೇ ವರ್ಷ ವೈಕಿಂಗ್ಸ್‌ಗೆ ಹೊಸ ಸ್ಟೇಡಿಯಂ ಆಯಿತು. ಇವರು ಅದನ್ನು ತೆಗೆದುಕೊಂಡು, ತಮ್ಮ ಹಳೆಯ "ಸ್ಕೋಲ್" ಕೂಗನ್ನು (ಸ್ವೀಡನ್, ನಾರ್ವೆ ಕಡೆ ಲೋಟ ಎತ್ತುವಾಗ ಹೇಳುವ "ಚಿಯರ್ಸ್" ಅದು) ಸೇರಿಸಿಕೊಂಡರು. ಕ್ಲಬ್ಬಿನವರು ಕೂತು ಯೋಚಿಸಿ ಮಾಡಿದ್ದೇ ಹೊರತು ಅಜ್ಜ ಮುತ್ತಜ್ಜ ಹೇಳಿಕೊಟ್ಟದ್ದಲ್ಲ.

ಹಾಗಂತ ಸುಳ್ಳು ಅಂತಲೂ ಅನಿಸುವುದಿಲ್ಲ. ನಾನು ಮೇಲಿನ ಅಗ್ಗದ ಸೀಟಿನಲ್ಲಿ ಕೂತು ನೋಡಿದ್ದೇನೆ. ಅರವತ್ತಾರು ಸಾವಿರ ಜನ. ಒಂದು ಚಪ್ಪಾಳೆಗೂ ಇನ್ನೊಂದಕ್ಕೂ ನಡುವೆ ಉದ್ದದ ಗ್ಯಾಪ್ ಇರುತ್ತದೆ. ಆ ಗ್ಯಾಪಿನಲ್ಲಿ ಯಾರೂ ಉಸಿರೆತ್ತುವುದಿಲ್ಲ. ನನ್ನ ಪಕ್ಕದ ದಪ್ಪ ಮೀಸೆಯವರಿಗೆ ಎರಡೂ ಕೈಯಲ್ಲಿ ಬಿಯರ್ ಲೋಟ. ಕೂಗು ಶುರುವಾದದ್ದೇ ಒಂದನ್ನು ಹೆಂಡತಿಗೆ ದಾಟಿಸಿ, ಇನ್ನೊಂದರ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಕೈ ಮೇಲೆತ್ತಿ ಹೊಡೆದರು ನೋಡಿ ಚಪ್ಪಾಳೆ. ಅರ್ಧ ಬಿಯರು ಅಂಗಿ ಮೇಲೆ. ಅವರಿಗೆ ಅದರ ಪರಿವೆಯೇ ಇಲ್ಲ.

ಕೊಂಬನ್ನು ಯಾರು ಊದುತ್ತಾರೆ ಅನ್ನುವುದೇ ಅಲ್ಲಿ ದೊಡ್ಡ ಸಂಗತಿ. ಹೆಚ್ಚಾಗಿ ಹಳೆ ಆಟಗಾರರು ಇಲ್ಲವೇ ಆ ಊರಿಗೆ ಬೇಕಾದವರು. ಹೆಸರು ಹೇಳುತ್ತಾರೆ, ಊದುತ್ತಾರೆ, ಮುಗಿಯಿತು. ಭಾಷಣ ಇಲ್ಲ!

ಇನ್ನೊಂದು ಹೇಳಲೇಬೇಕು. 2016ರ ಜನವರಿಯಲ್ಲಿ ಹೊಸ ಸ್ಟೇಡಿಯಂ ಇನ್ನೂ ಕಟ್ಟುತ್ತಿದ್ದರು. ಯೂನಿವರ್ಸಿಟಿಯ ಬಯಲು ಸ್ಟೇಡಿಯಮ್ಮಿನಲ್ಲಿ ಸಿಯಾಟಲ್ ವಿರುದ್ಧ ನಾಕೌಟ್ ಪಂದ್ಯ. ಚಳಿ ಸೊನ್ನೆಗಿಂತ 21 ಡಿಗ್ರಿ ಕೆಳಗೆ. ಪಂದ್ಯಕ್ಕೆ ಮೊದಲೇ ಆ ಚಳಿಗೆ ಕೊಂಬು ಒಡೆದೇ ಹೋಯಿತು! ಬೇರೆ ಕೊಂಬು ತರಬೇಕಾಯಿತು. ಟಾಸ್ ಹೊತ್ತಿಗೆ ಹಳೆ ಕೋಚ್ ಬಡ್ ಗ್ರಾಂಟ್ ಬಂದರು. 88 ವರ್ಷ. ಮೈಮೇಲೆ ಗಿಡ್ಡ ತೋಳಿನ ಟೀ ಶರ್ಟ್, ಅಷ್ಟೇ. ಉಳಿದವರೆಲ್ಲ ಕಣ್ಣು ಮಾತ್ರ ಕಾಣುವ ಹಾಗೆ ಸುತ್ತಿಕೊಂಡಿದ್ದಾರೆ. ಗ್ರಾಂಟ್ ಕೋಚ್ ಆಗಿದ್ದ ಕಾಲದಲ್ಲಿ ಬಯಲಿನ ಬದಿಗೆ ಹೀಟರ್ ತರಲು ಬಿಡುತ್ತಿರಲಿಲ್ಲ. ರಾಷ್ಟ್ರಗೀತೆಗೆ ನೇರ ಸಾಲಿನಲ್ಲಿ ನಿಲ್ಲುವುದನ್ನೂ ಆಟಗಾರರಿಗೆ ಪ್ರಾಕ್ಟೀಸ್ ಮಾಡಿಸುತ್ತಿದ್ದರು. ನನ್ನನ್ನು ಕೇಳಿದರೆ ಆ ದಿನದ ನಿಜವಾದ ಕೊಂಬು ಅವರೇ.

ವೈಕಿಂಗ್ಸ್‌ನವರು ಪಂದ್ಯ 10-9ರಿಂದ ಸೋತರು, ಕೊನೆಯ ಕ್ಷಣದಲ್ಲಿ ಸುಲಭದ ಕಿಕ್ ತಪ್ಪಿ. ಅವರು ಇದುವರೆಗೆ ಸೂಪರ್ ಬೌಲ್, ಅಂದರೆ ಅಲ್ಲಿನ ಲೀಗಿನ ಫೈನಲ್, ಗೆದ್ದೇ ಇಲ್ಲ. ನಾಲ್ಕು ಸಲ ಹೋಗಿ ನಾಲ್ಕೂ ಸಲ ಸೋತಿದ್ದಾರೆ. ಕೊಂಬು ಊದಿದರೆ ಕಪ್ ಬರುತ್ತದೆ ಅಂತ ಕಮಿಟಿಗೆ ಆಸೆ ಹುಟ್ಟಿಸಬೇಡಿ.

ಸುರತ್ಕಲ್ ಹಾಸ್ಟೆಲ್:

ಅಕ್ಕ ಹೇಳಿದ ಆ ಪಂದ್ಯ ಗೆದ್ದ ಸಿಯಾಟಲ್ ಸೀಹಾಕ್ಸ್‌ನವರದ್ದೂ ಒಂದು ಪದ್ಧತಿ ಇದೆ. ಬಯಲಿನಲ್ಲಿ ಹನ್ನೊಂದು ಜನ, ಹನ್ನೆರಡನೆಯವರು ಪ್ರೇಕ್ಷಕರು ಅಂತ 12ನೇ ನಂಬರಿನ ಜರ್ಸಿಯನ್ನು 1984ರಲ್ಲೇ ಯಾವ ಆಟಗಾರನಿಗೂ ಕೊಡದೆ ಎತ್ತಿಟ್ಟರು. 2003ರಿಂದ ಆಟಕ್ಕೆ ಮೊದಲು 12 ಅಂತ ಬರೆದ ದೊಡ್ಡ ಬಾವುಟ ಏರಿಸುತ್ತಾರೆ. ತಂಡ ಬಯಲಿಗೆ ಬರುವಾಗ ಮುಂದೆ ಒಂದು ಗಿಡುಗ ಹಾರಿಬರುತ್ತದೆ, ನಿಜವಾದ ಗಿಡುಗ. ನಮ್ಮಲ್ಲಿ ಗರುಡ ತಾನಾಗಿಯೇ ಮೇಲೆ ಸುತ್ತುತ್ತಿರುತ್ತದೆ, ಬಂದರಿನ ಮೀನಿಗೆ. ಖರ್ಚಿಲ್ಲ.

ಪಡುಬಿದ್ರಿ ಕಂಬಳಪ್ರಿಯ:

ಗೋಲಿಯವರೇ, ದೈವದ ವೇಷದ ಮಾತು ಕಮಿಟಿಯಲ್ಲಿ ಅಲ್ಲಿಗೇ ನಿಲ್ಲಿಸಿ. ಅಮೆರಿಕದಲ್ಲಿ ಹೈಮ್‌ಡಾಲನಿಗೆ ಹರಕೆ ಹೊತ್ತುಕೊಂಡು ಕಾಯುವವರು ತೀರಾ ಕಡಿಮೆ. ಅವನ ಕೊಂಬನ್ನು ಸ್ಟೇಡಿಯಮ್ಮಿಗೆ ತಂದರೆ ಹೆಚ್ಚಿನವರ ಮನಸ್ಸಿಗೆ ನೋವಾಗುವುದಿಲ್ಲ. ಇಲ್ಲಿ ಹಾಗಾ? ನಿಮ್ಮ ಸ್ಟಾಪರಿನ ಅಮ್ಮನೇ ಬಂದು ಕೇಳಿಯಾರು, "ಇದೆಂಥದು ಮಕ್ಕಳೇ" ಅಂತ. ಅದೂ ಆಟಿಯಲ್ಲಿ! ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಕಾಲಿನ ಗಗ್ಗರ ಬಿಚ್ಚಿಟ್ಟ ಮೇಲೆ ದೈವಗಳ ಕೋಲ, ನೇಮ ಇಲ್ಲ. ಯಕ್ಷಗಾನದ ಮೇಳಗಳೂ ತಿರುಗಾಟ ಮುಗಿಸಿರುತ್ತವೆ. ಹುಲಿವೇಷಕ್ಕೂ ಅದರದ್ದೇ ಹೊತ್ತಿದೆ. ಅಷ್ಟಮಿಗೋ ದಸರಕ್ಕೋ ಊದು ಪೂಜೆ ಮಾಡಿ ಇಳಿಯುವವರನ್ನು ಬಾಲಿನ ಹಿಂದೆ ಓಡಿಸಬೇಡಿ. ಮಳೆಗೆ ಬಣ್ಣವೂ ನಿಲ್ಲುವುದಿಲ್ಲ.

ಕೊಂಬು ಅಂದಿರಲ್ಲ, ಅದಕ್ಕೆ ಅಮೆರಿಕದವರೆಗೆ ಯಾಕೆ ಹೋಗಬೇಕು? ಕಂಬಳದಲ್ಲಿ ಕೋಣಗಳು ಗದ್ದೆಗೆ ಬರುವುದೇ ಕೊಂಬು, ಬ್ಯಾಂಡಿನ ಜೊತೆ. ಮದುವೆ ದಿಬ್ಬಣಕ್ಕೂ ಊದುತ್ತಾರೆ, ರಾಜಕೀಯದ ಮೆರವಣಿಗೆಗೂ ಊದುತ್ತಾರೆ. ಫುಟ್‌ಬಾಲಿಗೆ ಯಾಕಾಗಬಾರದು? ಆದರೆ ಅತಿಥಿಗಳ ಕೈಗೆ ಕೊಟ್ಟು ಊದಿಸುವ ಆಸೆ ಬಿಡಿ. ತುಟಿ ಕೂರದಿದ್ದರೆ ಬರೀ ಉಗುಳು ಬರುತ್ತದೆ, ಮೈಕಿನ ಮುಂದೆ ಮರ್ಯಾದೆ ಹೋಗುತ್ತದೆ. ಊದುವವರೇ ಊದಲಿ.

ಡೋಲು ಬೇಕು ಅನಿಸಿದರೆ ಒಂದು ಎಚ್ಚರ. ಇಲ್ಲಿನ ಬುಡಕಟ್ಟಿನವರಾದ ಕೊರಗರನ್ನು "ಬಂದು ಬಾರಿಸಿ ಹೋಗಿ" ಅಂತ ಬಿಟ್ಟಿ ಕರೆಯುವ ಕಾಲ ಇತ್ತು. ಅಂಥ ಕೀಳು ನಡವಳಿಕೆಯ ಅಜಲು ಪದ್ಧತಿಯನ್ನು ಸರ್ಕಾರ 2000ದಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ. ಕಲಾವಿದರ ತಂಡ ಅಂತಲೇ ಕರೆಯಿರಿ, ಅವರು ಹೇಳಿದ ರೇಟು ಕೊಡಿ, ಊಟಕ್ಕೆ ಎಲ್ಲರ ಸಾಲಿನಲ್ಲೇ ಕೂರಿಸಿ. ಇಷ್ಟು ಆಗುವುದಿಲ್ಲ ಅಂದರೆ ಡೋಲೇ ಬೇಡ.

ಬಂದರಿನ ಗೋಲಿ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕಮಿಟಿ ಮೀಟಿಂಗ್ ಆಯಿತು. ದೈವದ ವೇಷ ಬಿಟ್ಟರು, ಜಾಸ್ತಿ ಚರ್ಚೆ ಆಗಲಿಲ್ಲ. ಕೊಂಬಿನವರು ಇಬ್ಬರು ಮತ್ತು ಡೋಲಿನ ತಂಡ ಅಂತ ತೀರ್ಮಾನ. ಕೊಂಬು ಊದಿಸಲು ಯಾರು ಕೈ ತೋರಿಸಬೇಕು ಅಂತ ಮಾತು ಬಂದಾಗ ಎಲ್ಲರ ಬಾಯಲ್ಲೂ ಒಂದೇ ಹೆಸರು. ನಾವು ಚಿಕ್ಕವರಿದ್ದಾಗ ನೆಹರೂ ಮೈದಾನದಲ್ಲಿ ಗೋಲ್ ಕಾಯುತ್ತಿದ್ದ ನಮ್ಮ ಹಳೆ ಕೀಪರ್. ಈಗ ಮೀನಿನ ಧಕ್ಕೆಯಲ್ಲಿ ಐಸಿನ ವ್ಯಾಪಾರ. ನನಗೆ ಡೈವ್ ಕಲಿಸಿದವರೂ ಅವರೇ. ಕೇಳಲು ಹೋದರೆ "ಶಾಲು ಹಾಕುವುದಾದರೆ ಬರುವುದಿಲ್ಲ" ಅಂದರು. ಹಾಕುವುದಿಲ್ಲ ಅಂದೆ.

ಒಂದೇ ತಲೆಬಿಸಿ ಉಳಿದಿದೆ. ಮುಖ್ಯ ಅತಿಥಿಗೆ ಈಗಾಗಲೇ ಹೇಳಿಯಾಗಿದೆ. ಅವರನ್ನು ಎಲ್ಲಿ ಕೂರಿಸುವುದು?

ಕಾಪು ಅಕ್ಕ, ಉಡುಪಿ:

ಬಹುಮಾನ ಕೊಡಲು ಕರೆಯಿರಿ. ಕಾರ್ಡಿನಲ್ಲಿ "ಸಮಾರೋಪದ ಅಧ್ಯಕ್ಷರು" ಅಂತ ದೊಡ್ಡ ಅಕ್ಷರದಲ್ಲಿ ಹಾಕಿ, ಸಂಜೆ ಐದಕ್ಕೆ ಬರಲು ಹೇಳಿ. ಆರಕ್ಕೆ ಬಂದರೂ ಆಟ ನಡೆಯುತ್ತಲೇ ಇರುತ್ತದೆ.

ಉರ್ವದವ:

ಕಾರ್ಡ್ ಪ್ರಿಂಟಿಗೆ ಹೋಗುವ ಮೊದಲು ಆ ಚರಂಡಿ ಕೆಲಸಕ್ಕೊಂದು ದಿನ ಇಟ್ಟುಕೊಳ್ಳಿ. ಭಾನುವಾರವಾದರೆ ನಾನೂ ಹಾರೆ ಹಿಡಿದುಕೊಂಡು ಬರುತ್ತೇನೆ.