ನಾಲ್ಕನೇ ಅಡ್ಡರಸ್ತೆಯ ಗೋದಾಮಿನ ಶೀಟುಗಳ ವಿಚಾರ

ಸಂಘದ ಕಾರ್ಯದರ್ಶಿ:
ಮಾನ್ಯ ನಿವಾಸಿಗಳೇ, ನಾಲ್ಕನೇ ಅಡ್ಡರಸ್ತೆಯ ಹಳೆಯ ಗೋದಾಮನ್ನು ಕೆಡವುತ್ತಿರುವ ಗುತ್ತಿಗೆದಾರರು, ಅದರ ಚಾವಣಿಯ ಆಸ್‌ಬೆಸ್ಟಾಸ್ ಶೀಟುಗಳನ್ನು ಒಡೆದು, ಆ ಚೂರುಗಳಿಂದ ಉದ್ಯಾನದ ಪಕ್ಕದ ತಗ್ಗನ್ನು ಪುಕ್ಕಟೆಯಾಗಿ ತುಂಬಿಸಿಕೊಡುವುದಾಗಿ ಹೇಳಿದ್ದಾರೆ. ಭಾನುವಾರದ ಸಭೆಗೆ ಮುಂಚೆ ತಮ್ಮ ಅಭಿಪ್ರಾಯವನ್ನು ಇಲ್ಲಿ ತಿಳಿಸಬೇಕಾಗಿ ವಿನಂತಿ.

ಮನೆ 12:
ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ನಮ್ಮ ತಂದೆಯವರ ಕಾಲದಿಂದ ನಾವು ಅದೇ ಶೀಟಿನ ಕೆಳಗೆ ಬಾಳಿದ್ದೇವೆ, ಯಾರಿಗೂ ಏನೂ ಆಗಿಲ್ಲ. ತಾನಾಗಿ ಬಂದದ್ದನ್ನು ಬೇಡವೆನ್ನುವುದೇಕೆ?

ಮನೆ 27:
ರಾಯರೇ, ಪುಕ್ಕಟೆ ಎಂಬುದೇ ನನ್ನ ಆತಂಕಕ್ಕೆ ಕಾರಣ. ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರದೇಶದಲ್ಲಿ, ಪೋ ನದಿಯ ದಡದಲ್ಲಿ, ಕಸಾಲೆ ಮೊನ್‌ಫೆರಾಟೊ ಎಂಬ ಸಣ್ಣ ಪಟ್ಟಣವಿದೆ. ಬೆನ್ನಿಗೆ ದ್ರಾಕ್ಷಿತೋಟಗಳ ಗುಡ್ಡಗಳು, ನಡುವೆ 1107ರಲ್ಲಿ ಪೋಪ್ ಎರಡನೆಯ ಪಾಸ್ಕಲ್ ಪ್ರತಿಷ್ಠಾಪಿಸಿದ ಚರ್ಚು, 1595ರ ಯಹೂದಿ ಪ್ರಾರ್ಥನಾಮಂದಿರ. ಒಂದು ಕಾಲಕ್ಕೆ ಮೊನ್‌ಫೆರಾಟೊ ಸಂಸ್ಥಾನದ ರಾಜಧಾನಿಯಾಗಿದ್ದ ಊರು. ಆ ಗುಡ್ಡಗಳ ಸುಣ್ಣ ಬೆರೆತ ಜೇಡಿಕಲ್ಲು ಸಿಮೆಂಟಿಗೆ ಹೇಳಿ ಮಾಡಿಸಿದಂತಿದ್ದುದರಿಂದ ಅಲ್ಲಿ ಸಿಮೆಂಟ್ ಉದ್ಯಮ ಬೆಳೆಯಿತು. ಅದರ ಬೆನ್ನಿಗೇ 1907ರಲ್ಲಿ ರೊನ್ಜೋನೆ ಬಡಾವಣೆಯಲ್ಲಿ ಎಟರ್ನಿಟ್ ಕಂಪನಿಯ ಕಾರ್ಖಾನೆ ಶುರುವಾಗಿ, ಸಿಮೆಂಟಿಗೆ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಬೆರೆಸಿ ಶೀಟು, ಕೊಳವೆಗಳನ್ನು ತಯಾರಿಸತೊಡಗಿತು. ಕೈತುಂಬ ಸಂಬಳ ಕೊಡುವ ಕೆಲಸವೆಂದು ಊರವರು ಅದಕ್ಕಾಗಿ ಹಾತೊರೆದರು.

ಕೊಳವೆಯ ತುದಿಯನ್ನು ಲೇತಿನಲ್ಲಿ ಹೆರೆದಾಗ ಉದುರುತ್ತಿದ್ದ ಬೂದು ಪುಡಿಯನ್ನು ಅಲ್ಲಿಯವರು ಪೊಲ್ವೆರೀನೊ ಎನ್ನುತ್ತಿದ್ದರು. ಜನ ಅದನ್ನು ಮೂಟೆಗಳಲ್ಲಿ ಮನೆಗೆ ಒಯ್ದು, ಚಳಿ ತಡೆಯಲೆಂದು ಅಟ್ಟದ ಮೇಲೆ ಹರಡಿದರು, ಅಂಗಳದಲ್ಲಿ ಸುರಿದು ಗಟ್ಟಿ ಮಾಡಿದರು. ಕಾರ್ಮಿಕರ ಧೂಳು ಹಿಡಿದ ಬಟ್ಟೆಗಳನ್ನು ಹೆಂಡಂದಿರು ಮನೆಯಲ್ಲೇ ಒಗೆದರು. ಪರಿಣಾಮವಾಗಿ, ಶ್ವಾಸಕೋಶದ ಹೊರಪೊರೆಗೆ ತಗಲುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಕಾರ್ಖಾನೆಯೊಳಗೆ ಕಾಲಿಡದವರನ್ನೂ ಬಿಡಲಿಲ್ಲ. ಸಂತ್ರಸ್ತರ ಸಂಘವನ್ನು ಬಹುಕಾಲ ಮುನ್ನಡೆಸಿದ ರೊಮಾನಾ ಬ್ಲಾಸೊತ್ತಿ ಪವೇಸಿ ಅವರು ಗಂಡ, ಸಹೋದರಿ, ಮಗಳು ಸೇರಿದಂತೆ ತಮ್ಮ ಕುಟುಂಬದ ಐವರನ್ನು ಇದಕ್ಕೆ ಕಳೆದುಕೊಂಡರು.

‘ಏನೂ ಆಗಿಲ್ಲ’ ಎಂದಿರಿ. ಕಲ್ನಾರಿನ ಎಳೆ ಉಸಿರಿನೊಂದಿಗೆ ಒಳಹೊಕ್ಕ ಮೇಲೆ ಈ ರೋಗ ತಲೆದೋರಲು ಮೂವತ್ತು, ನಲವತ್ತು ವರ್ಷಗಳೂ ಹಿಡಿಯುತ್ತವೆ. ಕಾರ್ಖಾನೆ 1986ರಲ್ಲೇ ಮುಚ್ಚಿದರೂ ಸಾವುಗಳು ನಿಲ್ಲಲಿಲ್ಲ. ಆದರೆ ಕಾನೂನಿನ ಗಡಿಯಾರ ಬೇರೆ: ಟುರಿನ್ ನ್ಯಾಯಾಲಯ 2012ರಲ್ಲಿ ಮಾಲೀಕರಿಗೆ 16 ವರ್ಷಗಳ ಶಿಕ್ಷೆ ವಿಧಿಸಿತ್ತು. ಆದರೆ ಅಪರಾಧ ಕಾರ್ಖಾನೆಯೊಂದಿಗೇ ಮುಗಿದಿತ್ತು, ಕಾಲಮಿತಿ ಮೀರಿದೆ ಎಂದು 2014ರ ನವೆಂಬರಿನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಬೇರೆ ಆರೋಪದ ಮೇಲೆ ಮತ್ತೊಂದು ಮೊಕದ್ದಮೆಯನ್ನು ಮೊದಲಿನಿಂದ ಹೂಡಬೇಕಾಯಿತು.

ಮನೆ 12:
ಹಾಗಾದರೆ ನಮ್ಮ ಮನೆಯ ಹಿಂದಿನ ಸ್ನಾನದ ಕೋಣೆಯ ಶೀಟನ್ನು ನಾಳೆಯೇ ಕಿತ್ತು ಹಾಕಬೇಕೆ? ಅಂಗಡಿಗಳಲ್ಲಿ ಈಗಲೂ ಮಾರುತ್ತಿದ್ದಾರಲ್ಲ!

ಮನೆ 27:
ಬೇಡ. ಶೀಟು ಬಿರುಕು ಬಿಡದೆ ಗಟ್ಟಿಯಾಗಿರುವವರೆಗೆ ಎಳೆಗಳನ್ನು ಸಿಮೆಂಟು ಹಿಡಿದಿಟ್ಟುಕೊಂಡಿರುತ್ತದೆ. ಒಡೆಯುವುದು, ಗರಗಸ ಹಾಕುವುದು, ತೂತು ಕೊರೆಯುವುದು, ಒಣ ಬ್ರಷ್ಷಿನಿಂದ ಪಾಚಿ ಉಜ್ಜುವುದು, ಇವು ಅಪಾಯಕಾರಿ. ಮಾರಾಟದ ಮಾತು ನಿಜ. ನಮ್ಮ ದೇಶದಲ್ಲಿ ಇಂಥ ಶೀಟುಗಳಿಗೆ ಬಳಸುವ ಬಿಳಿ ಕಲ್ನಾರಿನ ಬಳಕೆಗೆ ಸಂಪೂರ್ಣ ನಿಷೇಧವಿಲ್ಲ. ಇಟಲಿಯಲ್ಲೂ ರಾಷ್ಟ್ರೀಯ ನಿಷೇಧ ಬಂದದ್ದು 1992ರಲ್ಲಿ, ಆದರೆ ಕಸಾಲೆಯ ಮೇಯರ್ ಅದಕ್ಕೆ ಕಾಯದೆ 1987ರಲ್ಲೇ ತಮ್ಮ ಊರಿನ ಮಟ್ಟಿಗೆ ಬಳಕೆಯನ್ನು ನಿಲ್ಲಿಸಿದ್ದರು. ನಮ್ಮ ಸಂಘಕ್ಕೆ ಆ ಅಧಿಕಾರವಿಲ್ಲವಾದರೂ, ನಮ್ಮ ತಗ್ಗಿಗೆ ಏನು ಬೀಳಬೇಕೆಂದು ಹೇಳುವ ಹಕ್ಕಾದರೂ ಇದೆಯಲ್ಲ.

ಮನೆ 33:
ಮಕ್ಕಳು ಆಡುವ ಜಾಗ ಅದು, ಆದ್ದರಿಂದ ನನ್ನ ವಿರೋಧವಿದೆ. ಆದರೆ ತುಂಬಬೇಡಿ ಎಂದರೆ ಗುತ್ತಿಗೆದಾರರು ರಾತ್ರೋರಾತ್ರಿ ಕೆರೆಯ ಏರಿಯ ಮೇಲೆ ಸುರಿದು ಹೋಗುತ್ತಾರೆ. ಅದಕ್ಕೇನು ಮಾಡೋಣ?

ಮನೆ 27:
ಅದಕ್ಕಾಗಿ ಶೀಟು ಇಳಿಸುವ ಮೊದಲೇ ಲಿಖಿತ ಒಪ್ಪಿಗೆ ಬೇಕು, ಮೇಡಂ. ಕಸಾಲೆಯಲ್ಲಿ ಶೀಟಿನ ಮೇಲೆ ಎಳೆ ಹಾರದಂತೆ ಅಂಟುದ್ರಾವಣ ಸಿಂಪಡಿಸಿ, ಒಡೆಯದೆ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಲ್ನಾರಿಗೆಂದೇ ಮೀಸಲಾದ ಭೂಭರ್ತಿ ಜಾಗಕ್ಕೆ ಸಾಗಿಸುತ್ತಾರೆ. ಅಟ್ಟ, ಅಂಗಳಗಳಲ್ಲಿದ್ದ ಪುಡಿಯನ್ನು ಮನೆಮನೆಯಲ್ಲಿ ಹುಡುಕಿ ತೆಗೆಯುವುದು ದಶಕಗಳ ಕೆಲಸವಾಯಿತು. 1998ರ ಕಾಯ್ದೆಯಡಿ ಶುದ್ಧೀಕರಣಕ್ಕೆ ಗುರುತಿಸಿದ ವಲಯದಲ್ಲಿ 48 ಪುರಸಭೆಗಳಿವೆ. ಕಾರ್ಖಾನೆಯಿದ್ದ ನೆಲದಲ್ಲಿ 2016ರಲ್ಲಿ ಉದ್ಯಾನ ತೆರೆದರು. ಅವರು ಶುದ್ಧಮಾಡಿ ಉದ್ಯಾನ ಮಾಡಿದರೆ, ನಾವು ಉದ್ಯಾನದ ಪಕ್ಕಕ್ಕೇ ತಂದು ಸುರಿಯಲು ಹೊರಟಿದ್ದೇವೆ.

ಮನೆ 12:
ನನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ತಗ್ಗಿಗೆ ಮಣ್ಣು ಬೇಕೇ ಬೇಕು. ಮನೆಗಿಷ್ಟೆಂದು ಹಣ ಹಾಕಿ ಎರಡು ಲೋಡ್ ಕೆಮ್ಮಣ್ಣು ತರಿಸೋಣ.

ಸಂಘದ ಕಾರ್ಯದರ್ಶಿ:
ಶೀಟುಗಳನ್ನು ನೀರು ಸಿಂಪಡಿಸಿ, ಒಡೆಯದೆ ಇಳಿಸಬೇಕು ಹಾಗೂ ವಿಲೇವಾರಿಯ ರಸೀದಿಯನ್ನು ಸಂಘಕ್ಕೆ ಒಪ್ಪಿಸಬೇಕು ಎಂಬ ಪತ್ರವನ್ನು ಗೋದಾಮಿನ ಮಾಲೀಕರಿಗೆ ಇಂದು ಸಂಜೆಯೇ ತಲುಪಿಸುತ್ತೇನೆ. ಅದರ ಪ್ರತಿಗಳು ಮಾಲಿನ್ಯ ನಿಯಂತ್ರಣ ಮಂಡಳಿಗೂ ಸ್ಥಳೀಯ ಸಂಸ್ಥೆಗೂ ಹೋಗುತ್ತವೆ. ಸಹಿ ಹಾಕುವವರು ಆರು ಗಂಟೆಯೊಳಗೆ ಸಂಘದ ಕಚೇರಿಗೆ ಬನ್ನಿ. ಮಣ್ಣಿನ ದರವನ್ನು ಮನೆ 12ರವರು ವಿಚಾರಿಸಿಕೊಂಡು ಭಾನುವಾರ ತಿಳಿಸಲಿ.